ಹೇಳದೆ ಉಳಿದ ಅಪರಾಧ

ಮರಣದಂಡನೆ ಕೂಡದೆಂದು ವಾದಿಸುವವರು ಜಾರ್ಜ್ ಆರ್ವೆಲ್‌ನ ‘ಎ ಹ್ಯಾಂಗಿಂಗ್’ ಎಂಬ ಪುಟ್ಟ ಬರಹವನ್ನು ನೆನೆಯದೆ ಇರುವುದು ಕಡಿಮೆ. 1931ರಲ್ಲಿ ಅಚ್ಚಾದ ಇದರ ಹಿಂದೆ ಅವನು ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿ ಕಳೆದ ವರ್ಷಗಳಿವೆ. ಮಳೆಗಾಲದ ಒಂದು ಬೆಳಿಗ್ಗೆ ಕೃಶದೇಹದ ಹಿಂದೂ ಕೈದಿಯೊಬ್ಬನನ್ನು ಗಲ್ಲಿನ ಕಡೆಗೆ ನಡೆಸಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಸ್ವಲ್ಪ ನೀರು ನಿಂತಿದೆ. ಇನ್ನು ಕೆಲವೇ ನಿಮಿಷ ಬದುಕಿರುವ ಆ ಮನುಷ್ಯ ಕಾಲು ಒದ್ದೆಯಾಗದಂತೆ ತುಸು ಪಕ್ಕಕ್ಕೆ ಸರಿದು ನಡೆಯುತ್ತಾನೆ. ಈ ಒಂದು ಹೆಜ್ಜೆಯನ್ನು ಮೀರಿಸುವ ವಾದವನ್ನು ನಾನು ಎಲ್ಲಿಯೂ ಓದಿಲ್ಲ. ಈ ಕೆಲಸ ಮುಗಿಯದೆ ಉಳಿದ ಕೈದಿಗಳಿಗೆ ತಿಂಡಿ ಕೊಡುವಂತಿಲ್ಲವೆಂದು ಅವಸರಪಡುವ ಸೂಪರಿಂಟೆಂಡೆಂಟ್, ಎಲ್ಲಿಂದಲೋ ನುಗ್ಗಿ ಕೈದಿಯ ಮುಖ ನೆಕ್ಕಲು ಹಾರುವ ನಾಯಿ, ಕೊನೆಗೆ ಎಲ್ಲರೂ ಕೂಡಿ ವಿಸ್ಕಿ ಕುಡಿಯುತ್ತ ನಗುವುದು - ಎಲ್ಲವೂ ಆ ಹೆಜ್ಜೆಯ ಸುತ್ತ ನಿಂತಿವೆ.

ಆದರೆ ಆ ಕೈದಿ ಮಾಡಿದ್ದಾದರೂ ಏನು? ಆರ್ವೆಲ್ ಹೇಳುವುದಿಲ್ಲ. ಕಲೆಯ ದೃಷ್ಟಿಯಿಂದ ಇದು ಜಾಣತನ. ಅಪರಾಧದ ಹೆಸರು ಬಂದೊಡನೆ ಓದುಗ ನ್ಯಾಯಾಧೀಶನಾಗಿಬಿಡುತ್ತಾನೆ. ವಾದದ ದೃಷ್ಟಿಯಿಂದ ಮಾತ್ರ ದೊಡ್ಡ ತೆರವು. ಗಲ್ಲು ಬೇಕೆನ್ನುವವರೆಲ್ಲ ರಕ್ತಪಿಪಾಸುಗಳಲ್ಲ. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು, ನನ್ನ ಮಗುವಿನ ಹೆಜ್ಜೆಯನ್ನು ಯಾರು ಲೆಕ್ಕ ಹಾಕಿದರು ಎಂದು ಕೇಳಿದರೆ ಆರ್ವೆಲ್‌ನಲ್ಲಿ ಉತ್ತರವಿಲ್ಲ, ಏಕೆಂದರೆ ಅವನ ಪುಟಗಳಲ್ಲಿ ಅಂಥವರಿಗೆ ಜಾಗವೇ ಇಲ್ಲ.

ಈ ತೆರವನ್ನು ತುಂಬಿದ್ದು ಒಂದು ಸಿನಿಮಾ: ಪೋಲೆಂಡಿನ ಕ್ರಿಸ್ತೋಫ್ ಕೀಸ್ಲೋವ್‌ಸ್ಕಿ 1988ರಲ್ಲಿ ತೆಗೆದ ‘ಎ ಶಾರ್ಟ್ ಫಿಲ್ಮ್ ಅಬೌಟ್ ಕಿಲ್ಲಿಂಗ್’. ಯಾತ್ಸೆಕ್ ಎಂಬ ಹುಡುಗ ವಾರ್ಸಾ ನಗರದಲ್ಲಿ ಅಲೆದು, ಒಂದು ಟ್ಯಾಕ್ಸಿ ಹತ್ತಿ, ಚಾಲಕನ ಕೊರಳಿಗೆ ಹಗ್ಗ ಬಿಗಿಯುತ್ತಾನೆ. ಚಾಲಕ ಬೇಗ ಸಾಯುವುದಿಲ್ಲ. ಕೊನೆಗೆ ಕಲ್ಲು ಬೇಕಾಗುತ್ತದೆ. ಕ್ಯಾಮರಾ ನಮಗೆ ಮುಖ ತಿರುಗಿಸಲು ಬಿಡುವುದಿಲ್ಲ. ಆ ಚಾಲಕನೂ ಒಳ್ಳೆಯವನೇನಲ್ಲ, ಕಾಯುತ್ತಿದ್ದವರನ್ನು ಬಿಟ್ಟು ಗಾಡಿ ಓಡಿಸುವಂಥವನು. ಆದರೂ ತನ್ನ ತಿಂಡಿಯಲ್ಲಿ ಪಾಲನ್ನು ಬೀದಿನಾಯಿಗೆ ಕೊಡುತ್ತಾನೆ. (ಇಲ್ಲೂ ಒಂದು ನಾಯಿ!) ಇಡೀ ನಗರವನ್ನು ಕೊಳೆತಂತೆ ಕಾಣಿಸುವ ಆ ಹಸಿರು-ಹಳದಿ ಬಣ್ಣ ಸ್ವಲ್ಪ ಅತಿಯಾಯಿತೆಂದೇ ನನ್ನ ಅಭಿಪ್ರಾಯ.

ಮುಂದೆ ವಿಚಾರಣೆಯನ್ನು ಪೂರ್ತಿ ಬಿಟ್ಟು ಚಿತ್ರ ನೇರವಾಗಿ ಶಿಕ್ಷೆಗೆ ಹಾರುತ್ತದೆ. ಗಲ್ಲಿಗೇರಿಸುವ ಮುನ್ನ ಯುವ ವಕೀಲನಿಗೆ ಯಾತ್ಸೆಕ್ ತನ್ನ ಎಳೆಯ ತಂಗಿಯ ಕಥೆ ಹೇಳುತ್ತಾನೆ: ಇವನ ಜೊತೆಯಲ್ಲೇ ಕುಡಿದಿದ್ದ ಗೆಳೆಯ ಓಡಿಸಿದ ಟ್ರ್ಯಾಕ್ಟರಿಗೆ ಅವಳು ಸಿಕ್ಕಿ ಸತ್ತಳು. ಕೊಲೆಗೆ ಇದು ಸಮರ್ಥನೆಯಲ್ಲ, ಚಿತ್ರ ಹಾಗೆ ಹೇಳುವುದೂ ಇಲ್ಲ. ಆದರೆ ಈ ಮಾತು ವಕೀಲನ ಕಿವಿಗೆ ಬೀಳುವುದು ಎಲ್ಲ ಮುಗಿದ ಮೇಲೆ. ಬಳಿಕ ಇನ್ನೊಂದು ಹಗ್ಗ, ಇನ್ನೊಂದು ಒದ್ದಾಟ. ಈ ಸಲ ಎಲ್ಲವೂ ಕಾಗದಪತ್ರದ ಪ್ರಕಾರ.

ಪೋಲೆಂಡಿನಲ್ಲಿ ಕೊನೆಯ ಗಲ್ಲು ಆದದ್ದೂ 1988ರಲ್ಲೇ. 1997ರ ದಂಡಸಂಹಿತೆ ಆ ಶಿಕ್ಷೆಯನ್ನೇ ಕೈಬಿಟ್ಟಿತು. ಅದರ ಶ್ರೇಯಸ್ಸನ್ನು ಒಂದು ಸಿನಿಮಾಕ್ಕೆ ಕೊಡುವುದು ಉತ್ಪ್ರೇಕ್ಷೆಯಾದೀತು.

ನಮ್ಮ ನ್ಯಾಯಾಲಯಗಳ ತೀರ್ಪುಗಳನ್ನು ಓದುವಾಗ ನನಗೆ ಆರ್ವೆಲ್‌ನ ದೋಷ ತಿರುವುಮುರುವಾಗಿ ಕಾಣುತ್ತದೆ. ಅವನು ಅಪರಾಧವನ್ನು ಮರೆಸಿದ. ಇಲ್ಲಿ ಅಪರಾಧಿಯೇ ಮರೆಯಾಗುತ್ತಾನೆ. ಗಲ್ಲು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಎಂದ 1980ರ ಬಚನ್ ಸಿಂಗ್ ತೀರ್ಪು, ಅಪರಾಧದ ಜೊತೆ ಅಪರಾಧಿಯನ್ನೂ ನೋಡಬೇಕೆಂದಿತ್ತು. ಮೂರೇ ವರ್ಷಕ್ಕೆ ಮಚ್ಛಿ ಸಿಂಗ್ ಪ್ರಕರಣದಲ್ಲಿ ಐದು ವರ್ಗಗಳ ಪಟ್ಟಿ ಬಂತು: ಕೊಂದ ರೀತಿ, ಉದ್ದೇಶ, ಕೃತ್ಯದ ಸಮಾಜವಿರೋಧಿ ಸ್ವರೂಪ, ಅದರ ಪ್ರಮಾಣ, ಕೊಲೆಯಾದವರು ಯಾರೆಂಬುದು. ಐದೂ ಅಪರಾಧದ ಕುರಿತೇ. ಅಪರಾಧಿಯ ಹಿನ್ನೆಲೆ, ಮನಸ್ಸಿನ ಸ್ಥಿತಿ ಮೊದಲಾದ ವಿವರಗಳನ್ನು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ತರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು 2022ರಲ್ಲಿ, ಮನೋಜ್ ಪ್ರಕರಣದಲ್ಲಿ. ತಂಗಿಯ ಕಥೆ ತೀರ್ಪಿಗೆ ಮೊದಲೇ ಕಡತ ಸೇರಬೇಕೆನ್ನಲು ನಮಗೆ 42 ವರ್ಷ ಬೇಕಾಯಿತು.