ಚಾಪೆಯ ಮೇಲೆ ಯಾರಿಲ್ಲ?

‘ಈಗಿನ ಹುಡುಗರು ನಾಟಕ ನೋಡೋದಿಲ್ಲ’ ಎಂಬ ಕೊರಗು ಕೋಲಾರದ ಕಡೆ ಹಳೆಯದು. ಹೋಳೂರು, ಶ್ರೀನಿವಾಸಪುರದ ಸುತ್ತಿನ ಯಾವುದಾದರೂ ಊರಹಬ್ಬದಲ್ಲಿ ‘ಕುರುಕ್ಷೇತ್ರ’ದ ಮುಂದೆ ಒಂದು ರಾತ್ರಿ ಕೂತರೆ ಈ ಮಾತು ಅರ್ಧ ಮಾತ್ರ ನಿಜವೆಂದು ತಿಳಿಯುತ್ತದೆ.

ಮುಂದೆ ಚಾಪೆಯ ಮೇಲೆ ಮಕ್ಕಳು. ಶಕುನಿ ಬರುವಷ್ಟರಲ್ಲಿ ಅರ್ಧದಷ್ಟು ನಿದ್ದೆ. ಅವರ ಹಿಂದೆ ಕಂದಪದ್ಯ ಬಾಯಿಪಾಠವಿರುವ ಅಜ್ಜಂದಿರು. ಹುಡುಗರು ಬೈಕಿಗೆ ಒರಗಿ ನಿಂತು, ಗೆಳೆಯನ ಭೀಮನ ಪಾತ್ರವನ್ನು ಫೋನಿನಲ್ಲಿ ಹಿಡಿದು ಹೊರಡುತ್ತಾರೆ. ಬಂದಂತೂ ಹೋಗುತ್ತಾರೆ. ಕಾಣದವರು ಮೂವತ್ತರಿಂದ ಐವತ್ತರ ನಡುವಿನವರು, ಅದರಲ್ಲೂ ಹೆಂಗಸರು. ಅವರ ಬಗ್ಗೆ ಯಾರೂ ಕೊರಗುವುದಿಲ್ಲ.

ಇದಕ್ಕೆ ಅಭಿರುಚಿಯ ಕೊರತೆ ಕಾರಣವಲ್ಲ. ಬೆಳಗಾಗುವ ಮೊದಲು ಹಾಲು ಕರೆದು ಡೇರಿಗೆ ಹಾಕಬೇಕು. ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದರೆ ನಡುರಾತ್ರಿಯೂ ಸೊಪ್ಪು ಹಾಕಬೇಕು. ಇಡೀ ರಾತ್ರಿಯ ಆಟ ಮಳೆ ನಂಬಿದ ರಾಗಿ ಬೇಸಾಯಕ್ಕೆ ಹೊಂದಿಕೊಂಡಿತ್ತು: ಕಣ ಮುಗಿದರೆ ಊರಿಗೆಲ್ಲ ಬಿಡುವು. ಬೋರ್‌ವೆಲ್, ಸೀಮೆಹಸು, ರೇಷ್ಮೆ ಬಂದ ಮೇಲೆ ವರ್ಷದಲ್ಲಿ ಅಂಥ ಬಿಡುವಿನ ತಿಂಗಳೇ ಉಳಿದಿಲ್ಲ. ಬೇಸಾಯ ಬದಲಾಯಿತು, ಆಟದ ಹೊತ್ತು ಬದಲಾಗಲಿಲ್ಲ.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮದ ‘ಹುಣ್ಣಿಮೆ ಹಾಡು’ ಅವುಗಳಲ್ಲಿ ದೊಡ್ಡದು. ತಿಂಗಳಿಗೊಮ್ಮೆ ಬಯಲಿನಲ್ಲಿ ಹಾಡು, ನಾಟಕ. ದಿನ ಯಾವುದೆಂದು ಆಕಾಶವೇ ಹೇಳುತ್ತದೆ. ಹುಡುಗರನ್ನು ಪ್ರೇಕ್ಷಕರಾಗಿ ಕಾಯದೆ ರಂಗಕ್ಕೇ ಹತ್ತಿಸಿದ್ದು ಅದರ ಜಾಣತನ. ಆದರೂ ಕತ್ತಲಲ್ಲಿ ಬೆಟ್ಟ ಹತ್ತಿ ಇಳಿಯಲು ಗಾಡಿ ಬೇಕು, ಕಾಲಲ್ಲಿ ಕಸುವು ಬೇಕು. ಕೆಳಗಿನ ಹಳ್ಳಿಯ ಅಜ್ಜಿಗೆ ಹುಣ್ಣಿಮೆ ಕಂಡರೂ ಹಾಡು ದೂರ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ರಂಗಶಂಕರದ್ದು ಇನ್ನೊಂದು ಬಗೆ: ಸಂಜೆಯ ಆಟ, ಟಿಕೆಟ್, ತಡವಾದರೆ ಒಳಗೆ ಬಿಡುವುದಿಲ್ಲ. ಅದು ಕಚೇರಿ ಮುಗಿಸಿ ಬರುವ ನಗರದವರ ದಿನಚರಿಗೆ ಒಗ್ಗಿದ ಶಿಸ್ತು.

ಹೀಗೆ ಪ್ರತಿ ರಂಗವೂ ತನ್ನ ಹೊತ್ತು, ಜಾಗಗಳಿಂದಲೇ ತನ್ನ ಪ್ರೇಕ್ಷಕರ ವಯಸ್ಸನ್ನು ಆರಿಸಿಕೊಳ್ಳುತ್ತದೆ. ಆಮೇಲೆ ಬಾರದವರನ್ನು ದೂರುತ್ತದೆ. ನಮ್ಮ ವಿಮರ್ಶೆಯೂ ಅಭಿನಯ, ಬೆಳಕು, ರಂಗಸಜ್ಜಿಕೆಗಳನ್ನು ತೂಗುತ್ತದೆಯೇ ಹೊರತು ಆಟ ಎಷ್ಟು ಗಂಟೆಗೆ ಮುಗಿಯಿತೆಂದು ಬರೆಯುವುದಿಲ್ಲ. ಸಂಜೆಯ ಹಾಲು ಹಾಕಿ ಬಂದ ಮೇಲೆ ಶುರುವಾಗಿ ಹತ್ತಕ್ಕೆ ಮುಗಿಯುವ ‘ಕುರುಕ್ಷೇತ್ರ’ವನ್ನು ಯಾರಾದರೂ ಆಡಲಿ. ಪದ್ಯಗಳು ಕಡಿಮೆಯಾದವೆಂದು ಅಜ್ಜಂದಿರು ಗೊಣಗುತ್ತಾರೆ, ನಿಜ. ಆದರೆ ದ್ರೌಪದಿಯ ಪ್ರಶ್ನೆ ಕೇಳಿಸಿಕೊಳ್ಳಲು ಅವಳ ವಯಸ್ಸಿನ ಹೆಂಗಸರು ಚಾಪೆಯ ಮೇಲಿರುತ್ತಾರೆ.