ಸವೆದ ಮಂಡಿ, ಸವೆಯದ ಸರ್ವ್

ಪ್ಯಾರಿಸ್ ಮಾಸ್ಟರ್ಸ್‌ನ ಮೊದಲ ಸುತ್ತಿನ ಡಬಲ್ಸ್ ಪಂದ್ಯವನ್ನು ಕೆಲಸ ಬಿಟ್ಟು ಕೂತು ನೋಡುವವರು ಕಡಿಮೆ. ರೋಹನ್ ಬೋಪಣ್ಣ ವೃತ್ತಿಟೆನಿಸ್‌ನಲ್ಲಿ ಕೊನೆಯದಾಗಿ ಆಡಿದ್ದು ಅಂಥದ್ದೊಂದು ಪಂದ್ಯ. ಜೊತೆಗಿದ್ದವರು ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್. ಎದುರಿಗೆ ಆಸ್ಟ್ರೇಲಿಯದ ಜಾನ್ ಪಿಯರ್ಸ್, ಅಮೆರಿಕದ ಜೆ.ಜೆ. ಟ್ರೇಸಿ. ಮೊದಲ ಸೆಟ್ 5–7ರಿಂದ ಹೋಯಿತು, ಎರಡನೆಯದು 6–2ರಿಂದ ಬಂತು, ಸೂಪರ್ ಟೈಬ್ರೇಕ್ 8–10ಕ್ಕೆ ಕೈತಪ್ಪಿತು. ಕೆಲವೇ ದಿನಗಳಲ್ಲಿ, 2025ರ ನವೆಂಬರ್ 1ರಂದು, ನಲವತ್ತೈದು ದಾಟಿದ್ದ ಬೋಪಣ್ಣ ಇನ್ನು ಸಾಕು ಅಂದರು.

ಮರುದಿನದ ಬರಹಗಳಲ್ಲಿ ಎಲ್ಲ ಕಡೆಯೂ ಒಂದೇ ವಿಷಯ: ವಯಸ್ಸು. ನಲವತ್ತಮೂರರಲ್ಲಿ ಗ್ರ್ಯಾನ್‌ಸ್ಲಾಮ್, ನಲವತ್ತಮೂರರಲ್ಲಿ ನಂಬರ್ ಒನ್, ಛಲ, ಹಟ, ಸ್ಫೂರ್ತಿ. ಯಾವುದೂ ಸುಳ್ಳಲ್ಲ. ಆದರೆ ಮನುಷ್ಯನ ವಯಸ್ಸನ್ನು ಹೊಗಳುವ ಭರದಲ್ಲಿ ಅವನ ಆಟವನ್ನು ನೋಡುವುದೇ ಮರೆತುಹೋಗುತ್ತದೆ. ಬೋಪಣ್ಣನವರ ಸರ್ವ್ ಹೇಗಿತ್ತು, ರಿಟರ್ನ್ ಎಲ್ಲಿಗೆ ಬೀಳುತ್ತಿತ್ತು, ನೆಟ್ ಹತ್ತಿರ ಅವರು ಏನು ಮಾಡುತ್ತಿದ್ದರು ಎಂದು ಕೇಳಿದರೆ, ಅವರ ಅಭಿಮಾನಿಗಳಲ್ಲೇ ಹಲವರು ತಡವರಿಸುತ್ತಾರೆ. ನಾವು ಸ್ಕೋರ್ ಓದಿದ್ದೇವೆ, ಪಂದ್ಯ ನೋಡಿದ್ದು ಕಡಿಮೆ.

ಸರ್ವ್‌ನಿಂದಲೇ ಶುರುಮಾಡೋಣ. ಆರಡಿ ಮೀರಿದ ಆಳು, ಅಗಲ ಹೆಗಲು. ಕೊಡಗಿನಲ್ಲಿ ಹುಡುಗನಾಗಿದ್ದಾಗ ಸರ್ವ್‌ಗೆ ಬಲ ಬರಲೆಂದು ಸೌದೆ ಸೀಳುತ್ತಿದ್ದುದನ್ನು, ದಮ್ಮು ಬೆಳೆಯಲೆಂದು ಕಾಫಿ ತೋಟಗಳಲ್ಲಿ ಓಡುತ್ತಿದ್ದುದನ್ನು ವಿದಾಯದ ಮಾತಿನಲ್ಲಿ ಅವರೇ ನೆನಪಿಸಿಕೊಂಡಿದ್ದಾರೆ. ಕೊಡಲಿ ಎತ್ತಿ ಇಳಿಸುವ ಆ ಸರಾಗ ಕೊನೆಯವರೆಗೂ ಆ ತೋಳಿನಲ್ಲಿ ಉಳಿದಿತ್ತು. ಚೆಂಡು ಮೇಲೆ ಹೋಗುವಾಗ ಆತುರವಿಲ್ಲ, ಕಸರತ್ತಿಲ್ಲ. ಮುಂದಿನ ಕ್ಷಣದಲ್ಲಿ ಅದು ಎದುರಾಳಿಯ ಪಕ್ಕದಿಂದ ಹಾದುಹೋಗಿರುತ್ತದೆ. ಡಬಲ್ಸ್‌ನಲ್ಲಿ ಇಂಥ ಸರ್ವ್‌ನ ಬೆಲೆ ಏಸ್‌ಗಳ ಲೆಕ್ಕದಲ್ಲಿ ಸಿಗುವುದಿಲ್ಲ. ಸರ್ವ್ ನಡುಗೆರೆಯ ಹತ್ತಿರ ಬಿದ್ದರೆ ರಿಟರ್ನ್ ಮಾಡುವವನಿಗೆ ಕೋನ ಸಿಗದು. ಚೆಂಡು ಹೆಚ್ಚಾಗಿ ಕೋರ್ಟಿನ ಮಧ್ಯದಲ್ಲೇ ವಾಪಸು ಬರುತ್ತದೆ, ಅಲ್ಲಿ ನೆಟ್ ಹತ್ತಿರ ಜೊತೆಗಾರ ಕಾದಿರುತ್ತಾನೆ. ಪಾಯಿಂಟ್ ಅವನ ರ‍್ಯಾಕೆಟ್‌ನಿಂದ ಮುಗಿಯುತ್ತದೆ, ಚಪ್ಪಾಳೆಯೂ ಅವನಿಗೇ. ಕೆಲಸ ಮಾಡಿದ್ದು ಮಾತ್ರ ಹಿಂದೆ ನಿಂತವನು.

ಬೋಪಣ್ಣನವರ ಒಟ್ಟು ಆಟದ ಗುಟ್ಟು ಇದೇ ಎಂದು ನನ್ನ ತೀರ್ಮಾನ. ಪಕ್ಕದವನು ಚೆನ್ನಾಗಿ ಕಾಣುವಂತೆ ಆಡುತ್ತಿದ್ದರು. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಎಟಿಪಿ ಪ್ರಶಸ್ತಿ ಗೆದ್ದದ್ದು ಎರಿಕ್ ಬುಟೊರಾಕ್ ಜೊತೆ. ಆಮೇಲೆ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ, ಮಹೇಶ್ ಭೂಪತಿ, ರೊಮೇನಿಯದ ಫ್ಲೋರಿನ್ ಮೆರ್ಜಾ, ಉರುಗ್ವೆಯ ಪಾಬ್ಲೊ ಕ್ವೇವಾಸ್, ಕೆನಡಾದ ಡೆನಿಸ್ ಶಪೊವಲೊವ್, ಕೊನೆಗೆ ಮ್ಯಾಥ್ಯೂ ಎಬ್ಡನ್. ಒಬ್ಬರ ಆಟ ಇನ್ನೊಬ್ಬರ ಹಾಗಿಲ್ಲ. ಆರು ಮಾಸ್ಟರ್ಸ್ ಪ್ರಶಸ್ತಿಗಳಲ್ಲಿ ಕೊನೆಯ ಎರಡು ಎಬ್ಡನ್ ಜೊತೆ ಬಂದವು. ಉಳಿದ ನಾಲ್ಕನ್ನು ಗೆದ್ದದ್ದು ನಾಲ್ಕು ಬೇರೆ ಬೇರೆ ಜೊತೆಗಾರರೊಂದಿಗೆ. ಜೋಡಿ ಮುರಿದಾಗಲೆಲ್ಲ ಬೋಪಣ್ಣ ಹೊಸಬನ ಜಾಯಮಾನ ಕಲಿತು ಮತ್ತೆ ಗೆಲ್ಲತೊಡಗುತ್ತಿದ್ದರು.

ಖುರೇಷಿ ಜೊತೆಗಿನ ದಿನಗಳನ್ನು ಜನ ‘ಇಂಡೋ-ಪಾಕ್ ಎಕ್ಸ್‌ಪ್ರೆಸ್’ ಎಂದೇ ನೆನಪಿಟ್ಟಿದ್ದಾರೆ. 2010ರ ಯುಎಸ್ ಓಪನ್‌ನಲ್ಲಿ ಅವರು ಫೈನಲ್ ತಲುಪಿದಾಗ, ವಿಶ್ವಸಂಸ್ಥೆಯಲ್ಲಿದ್ದ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಗ್ಯಾಲರಿಯಲ್ಲಿ ಅಕ್ಕಪಕ್ಕ ಕೂತಿದ್ದರು. ಪತ್ರಿಕೆಗಳು ಆ ಚಿತ್ರವನ್ನು ಬಿಡುತ್ತವೆಯೇ? ಆದರೆ ಆಟದ ರುಚಿ ಇದ್ದವರಿಗೆ ಆ ಫೈನಲ್‌ನಲ್ಲಿ ಬೇರೆಯದೇ ಒಂದು ಸಂಗತಿಯಿತ್ತು. ಎದುರಿಗಿದ್ದದ್ದು ಬ್ರಯನ್ ಸೋದರರು, ಅಂದಿನ ಡಬಲ್ಸ್‌ನ ಅಳತೆಗೋಲು. ಎರಡೂ ಸೆಟ್ ಟೈಬ್ರೇಕರ್‌ಗೆ ಹೋದವು, ಎರಡೂ ಕೈತಪ್ಪಿದವು.

ಆ ಸೋಲಿನ ಮರುವಾರವೇ ಚೆನ್ನೈನಲ್ಲಿ ಡೇವಿಸ್ ಕಪ್. ಬ್ರೆಜಿಲ್ ಎದುರು ಭಾರತ 0–2ರಿಂದ ಹಿಂದಿತ್ತು. ಲಿಯಾಂಡರ್ ಪೇಸ್–ಭೂಪತಿ ಡಬಲ್ಸ್ ಗೆದ್ದರು, ಸೋಮದೇವ್ ದೇವವರ್ಮನ್ ಸಿಂಗಲ್ಸ್ ಗೆದ್ದು ಸಮ ಮಾಡಿದರು, ಐದನೆಯ ಪಂದ್ಯ ಬೋಪಣ್ಣನವರ ಪಾಲಿಗೆ ಬಂತು. ಅದು ಸಿಂಗಲ್ಸ್! ಸಿಂಗಲ್ಸ್‌ನಲ್ಲಿ 213ಕ್ಕಿಂತ ಮೇಲಿನ ಶ್ರೇಯಾಂಕ ಎಂದೂ ಕಾಣದವರು ಅಂದು ರಿಕಾರ್ಡೊ ಮೆಲೊ ಅವರನ್ನು ಒಂದೂ ಸೆಟ್ ಬಿಡದೆ ಸೋಲಿಸಿದರು. ನನಗೆ ಅವರ ದೊಡ್ಡ ಗೆಲುವು ಯಾವುದೆಂದು ಯಾರಾದರೂ ಕೇಳಿದರೆ ಮುಂದೆ ಗ್ರ್ಯಾನ್‌ಸ್ಲಾಮ್ ಗೆದ್ದ ಮೆಲ್ಬರ್ನ್‌ಗಿಂತ ಮೊದಲು ಅಂದಿನ ಪಂದ್ಯ ನಡೆದ ಚೆನ್ನೈನ ನುಂಗಂಬಾಕ್ಕಂ ಹೆಸರೇ ಬಾಯಿಗೆ ಬರುತ್ತದೆ.

ನಡುವಿನ ವರ್ಷಗಳ ಒಲಿಂಪಿಕ್ಸ್ ರಗಳೆಯನ್ನು ಬೇಗ ದಾಟಿಬಿಡೋಣ. 2012ರ ಲಂಡನ್‌ಗೆ ಯಾರ ಜೊತೆ ಯಾರು ಆಡಬೇಕೆಂಬ ಜಗಳದಲ್ಲಿ ಪೇಸ್, ಭೂಪತಿ, ಬೋಪಣ್ಣ, ಟೆನಿಸ್ ಸಂಸ್ಥೆ ಯಾರೂ ಮೆಚ್ಚುವ ಹಾಗೆ ನಡೆದುಕೊಳ್ಳಲಿಲ್ಲ. 2016ರ ರಿಯೊದಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪಂದ್ಯದವರೆಗೆ ಬಂದು ಸೋತದ್ದು ಅವರನ್ನು ಹೆಚ್ಚು ಕಾಡಿದ್ದಿರಬೇಕು. ಮರುವರ್ಷ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಗೇಬ್ರಿಯೆಲಾ ದಬ್ರೊವ್ಸ್ಕಿ ಜೊತೆಗೂಡಿ ಮೊದಲ ಗ್ರ್ಯಾನ್‌ಸ್ಲಾಮ್ ಹಿಡಿದರು. ಫೈನಲ್‌ನ ಸೂಪರ್ ಟೈಬ್ರೇಕ್ ಮುಗಿದದ್ದು 12–10ಕ್ಕೆ.

ಇಲ್ಲಿಂದ ಮುಂದೆ ಮಂಡಿಯ ಕಥೆ. ಎರಡೂ ಮಂಡಿಗಳಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ಮೂಳೆಗೆ ಮೂಳೆ ತಾಗುವ ನೋವು, ಅದಕ್ಕೆ ಚುಚ್ಚುಮದ್ದು, ನೋವುನಿವಾರಕ ಮಾತ್ರೆ. 2021ರ ಮೊದಲ ತಿಂಗಳುಗಳಲ್ಲಿ ಪಂದ್ಯವೇ ಗೆಲ್ಲದೆ, ಎಲ್ಲ ಬಿಟ್ಟು ಮನೆಗೆ ಹೋಗಿಬಿಡಲೇ ಎಂದು ಯೋಚಿಸಿದ್ದನ್ನು ಅವರೇ ಮುಂದೆ ಹೇಳಿಕೊಂಡರು. ಕೈಹಿಡಿದದ್ದು ಅಯ್ಯಂಗಾರ್ ಯೋಗ. ಹಗ್ಗ, ಬೆಲ್ಟು, ಕುರ್ಚಿ, ಮರದ ಇಟ್ಟಿಗೆಗಳ ಆಸರೆಯಲ್ಲಿ ಒಂದೊಂದು ಆಸನದಲ್ಲೂ ನಿಮಿಷಗಟ್ಟಲೆ ನಿಲ್ಲುವ ಪದ್ಧತಿ ಅದು. ಆ ಪದ್ಧತಿ ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು, ನೆಲೆಸಿದ್ದು ಪುಣೆಯಲ್ಲಿ. ಬೋಪಣ್ಣ ಹದಿಹರೆಯದಲ್ಲಿ ನಂದನ್ ಬಾಳ್ ಅವರ ಬಳಿ ಟೆನಿಸ್ ಕಲಿತದ್ದೂ ಅದೇ ಪುಣೆಯಲ್ಲಿ. ಅಂದು ಊರಿನ ಇನ್ನೊಂದು ಮೂಲೆಯಲ್ಲಿದ್ದ ಮದ್ದು ಬೇಕಾದದ್ದು ಎಷ್ಟೋ ವರ್ಷದ ಮೇಲೆ.

ಯೋಗದಿಂದ ಮಂಡಿ ಹೊಸದಾಗಲಿಲ್ಲ. ತೊಡೆಯ ಸ್ನಾಯುಗಳು ಗಟ್ಟಿಯಾಗಿ ಮಂಡಿಯ ಮೇಲಿನ ಭಾರ ಇಳಿಯಿತು, ಅಷ್ಟೆ. ಉಳಿದ ರಿಪೇರಿಯನ್ನು ಅವರು ಆಟದಲ್ಲೇ ಮಾಡಿಕೊಂಡರು, ಮತ್ತು ಜಾಣತನ ಇದ್ದದ್ದು ಅಲ್ಲಿ. ಪಾಯಿಂಟ್ ಮೂರು-ನಾಲ್ಕು ಹೊಡೆತದೊಳಗೆ ಮುಗಿಯಬೇಕು. ರಿಟರ್ನ್‌ಗೆ ಬೇಸ್‌ಲೈನ್ ಹಿಂದೆ ಸರಿದು ನಿಲ್ಲುವುದಿಲ್ಲ. ಹೆಜ್ಜೆ ಮುಂದಿಟ್ಟು ಚೆಂಡು ಏಳುವಾಗಲೇ ಬಾರಿಸುವುದು. ಒಂಟಿ ಕೈಯ ಬ್ಯಾಕ್‌ಹ್ಯಾಂಡ್ ಚಪ್ಪಟೆಯಾಗಿ, ನೆಟ್‌ಗೆ ಧಾವಿಸುವವನ ಕಾಲಬುಡಕ್ಕೆ. ಹೋದರೆ ಹೋಯಿತು, ಮುಂದಿನ ಪಾಯಿಂಟ್ ಇದೆ. ಓಡುವ ಕೆಲಸ ಎಬ್ಡನ್‌ಗೆ: ಚುರುಕು ಕಾಲು, ಮೃದು ಕೈ, ಹೇಗೆ ಬಂದ ಚೆಂಡನ್ನೂ ವಾಪಸು ಕೊಡುವ ತಾಳ್ಮೆ. ಗುಡುಗು ಒಬ್ಬನದು, ಮಿಂಚು ಇನ್ನೊಬ್ಬನದು.

ನಿಯಮಗಳೂ ನೆರವಿಗೆ ಬಂದವು ಎನ್ನುವುದನ್ನು ಮುಚ್ಚಿಡುವುದೇಕೆ? 2006ರಿಂದ ಎಟಿಪಿ ಟೂರ್‌ನ ಡಬಲ್ಸ್‌ನಲ್ಲಿ ಡ್ಯೂಸ್ ಆದಾಗ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನ, ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ನ ಸೂಪರ್ ಟೈಬ್ರೇಕ್. ಐದು ಸೆಟ್ ಎಳೆಯುತ್ತಿದ್ದ ವಿಂಬಲ್ಡನ್ ಕೂಡ 2023ರಲ್ಲಿ ಪುರುಷರ ಡಬಲ್ಸನ್ನು ಮೂರಕ್ಕಿಳಿಸಿತು. ಸಂಪ್ರದಾಯವಾದಿಗಳಿಗೆ ಇದು ಲಾಟರಿ. ನನಗೂ ಒಂದು ಕಾಲದಲ್ಲಿ ರುಚಿಸುತ್ತಿರಲಿಲ್ಲ. ಆದರೆ ಒಂದೇ ಪಾಯಿಂಟ್ ಎಲ್ಲವನ್ನೂ ತೀರ್ಮಾನಿಸುವ ಹೊತ್ತಿನಲ್ಲಿ ದೊಡ್ಡ ಸರ್ವ್ ಇದ್ದು ಕೈ ನಡುಗದವನು ಅರ್ಧ ಗೆದ್ದ ಹಾಗೆಯೇ. ಅಂಥ ಹೊತ್ತಿಗೆ ಹೇಳಿ ಮಾಡಿಸಿದ ಆಟಗಾರ ಬೋಪಣ್ಣ.

ಫಲ 2023ರ ಮಾರ್ಚ್‌ನಲ್ಲಿ ಕಂಡಿತು. ಇಂಡಿಯನ್ ವೆಲ್ಸ್ ಗೆದ್ದು ಮಾಸ್ಟರ್ಸ್ ಇತಿಹಾಸದ ಅತಿ ಹಿರಿಯ ಚಾಂಪಿಯನ್ ಆದರು. ಮೆಲ್ಬರ್ನ್‌ಗಿಂತ ಆ ಮರುಭೂಮಿಯ ವಾರದಲ್ಲೇ ಅವರು ಹೆಚ್ಚು ಚೆನ್ನಾಗಿ ಆಡಿದರು ಎಂಬುದು ನನ್ನ ಖಾಸಗಿ ಅಭಿಪ್ರಾಯ, ವಾದಕ್ಕೆ ಸಿದ್ಧ. ಅದೇ ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಫೈನಲ್, ರಾಜೀವ್ ರಾಮ್–ಜೋ ಸ್ಯಾಲಿಸ್‌ಬರಿ ಎದುರು. ನಿರ್ಣಾಯಕ ಮೂರನೇ ಸೆಟ್. ಬೋಪಣ್ಣ–ಎಬ್ಡನ್ ಒಂದು ಪಾಯಿಂಟ್ ಗೆದ್ದರು ಎಂದೇ ಎಲ್ಲರೂ ಅಂದುಕೊಂಡಾಗ ಬೋಪಣ್ಣ ಕೈ ಎತ್ತಿದರು. ಚೆಂಡು ತಮ್ಮ ತೋಳಿಗೆ ಸವರಿಕೊಂಡು ಹೋಯಿತೆಂದು ಅಂಪೈರ್‌ಗೆ ತಿಳಿಸಿ ಪಾಯಿಂಟ್ ಬಿಟ್ಟುಕೊಟ್ಟರು. ಅಂಪೈರ್ ಗಮನಿಸಿರಲಿಲ್ಲ. ನಲವತ್ತಮೂರರ ಆಟಗಾರನಿಗೆ ಇನ್ನೊಂದು ಫೈನಲ್ ಸಿಗುತ್ತದೆಂಬ ಖಾತರಿ ಏನೂ ಇರಲಿಲ್ಲ. ಪಂದ್ಯ ಸೋತರು.

ಇನ್ನೊಂದು ಫೈನಲ್ ಸಿಕ್ಕಿತು, ಮುಂದಿನ ಗ್ರ್ಯಾನ್‌ಸ್ಲಾಮ್‌ನಲ್ಲೇ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಸುತ್ತೂ ಸೆಮಿಫೈನಲೂ ಮೂರನೇ ಸೆಟ್‌ನ ಟೈಬ್ರೇಕ್‌ವರೆಗೆ ಎಳೆದವು. ಕ್ವಾರ್ಟರ್‌ಫೈನಲ್ ಗೆದ್ದಾಗ ನಂಬರ್ ಒನ್ ಪಟ್ಟ ಖಚಿತವಾಯಿತು, ಮರುದಿನ ಪದ್ಮಶ್ರೀ ಪ್ರಕಟವಾಯಿತು, ಜನವರಿ 27ರಂದು ಕಪ್ ಕೈಗೆ ಬಂತು. ಫೈನಲ್‌ನಲ್ಲಿ ಇಟಲಿಯ ಸಿಮೊನೆ ಬೊಲೆಲ್ಲಿ–ಆಂಡ್ರಿಯಾ ವಾವಸ್ಸೋರಿ ವಿರುದ್ಧ ಮೊದಲ ಸೆಟ್‌ನ ಟೈಬ್ರೇಕರ್ 7–0. ಸಾಧ್ಯವಾದರೆ ಆ ಏಳು ಪಾಯಿಂಟ್‌ಗಳನ್ನು ಹುಡುಕಿ ನೋಡಿ. ಅಷ್ಟು ಹೊತ್ತು ಸಮಸಮ ನಡೆದಿದ್ದ ಸೆಟ್ ಒಮ್ಮೆಲೇ ಒಂದು ಕಡೆ ವಾಲಿಬಿಡುತ್ತದೆ. ಎರಡನೇ ಸೆಟ್‌ನಲ್ಲಿ ಹನ್ನೊಂದನೇ ಗೇಮ್‌ನವರೆಗೆ ಕಾದು ಸರ್ವ್ ಮುರಿದರು: 7–5. ಗ್ರ್ಯಾನ್‌ಸ್ಲಾಮ್ ಪುರುಷರ ಡಬಲ್ಸ್‌ನಲ್ಲಿ ಅದು ಅವರ ಮೊದಲ ಪ್ರಶಸ್ತಿ.

ಆಮೇಲೆ ಇಳಿಜಾರು. ಆ ಮಾರ್ಚ್‌ನಲ್ಲಿ ಮಯಾಮಿ ಗೆದ್ದದ್ದೇನೋ ಸರಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶ್ರೀರಾಮ್ ಬಾಲಾಜಿ ಜೊತೆ ಮೊದಲ ಪಂದ್ಯದಲ್ಲೇ ಸೋತು, ಭಾರತದ ಪರ ಇದು ಕೊನೆ ಎಂದರು. ಎಬ್ಡನ್ ಜೊತೆಗಾರಿಕೆ ಮುಗಿಯಿತು, 2025ರಲ್ಲಿ ಊರಿಗೊಬ್ಬ ಜೊತೆಗಾರ ಎನ್ನುವಂತಾಯಿತು. ಆದರೂ ನಿವೃತ್ತಿಗೆ ತಿಂಗಳ ಮುಂಚೆ ಟೋಕಿಯೊದಲ್ಲಿ ತಕೆರು ಯುಝುಕಿ ಎಂಬ ಜಪಾನಿ ಆಟಗಾರನನ್ನು ಪಕ್ಕಕ್ಕಿಟ್ಟುಕೊಂಡು ಫೈನಲ್ ಮುಟ್ಟಿದರು. ಹೊಸಬನ ಜೊತೆ ನಿಂತು ಅವನನ್ನು ಚೆನ್ನಾಗಿ ಕಾಣಿಸುವ ಹಳೇ ಅಭ್ಯಾಸ ಹೋಗಿರಲಿಲ್ಲ.

ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ಆಗದವರ ಆಟ ಎಂಬ ಮೂದಲಿಕೆ ನಮ್ಮಲ್ಲಿ ಇನ್ನೂ ಇದೆ. ಭಾರತದ ಸಿಂಗಲ್ಸ್ ಏಕೆ ಬೆಳೆಯುತ್ತಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ಬೋಪಣ್ಣ ಅಲ್ಲ. ಅವರು ತಮ್ಮ ಪಾಲಿಗೆ ಬೆಂಗಳೂರಿನಲ್ಲಿ ಅಕಾಡೆಮಿ ನಡೆಸುತ್ತಿದ್ದಾರೆ, ಹುಡುಗರು ಬರುತ್ತಿದ್ದಾರೆ. ಕೊಡಗಿನ ನಿಕಿ ಪೂಣಚ್ಚ, ಮೈಸೂರಿನ ಪ್ರಜ್ವಲ್ ದೇವ್ ಚಾಲೆಂಜರ್ ಟೂರ್ನಿಗಳಲ್ಲಿ ಡಬಲ್ಸ್ ಆಡಿಕೊಂಡಿದ್ದಾರೆ. ಬೆಂಗಳೂರು ಓಪನ್ ನಡೆಯುವ ದಿನಗಳಲ್ಲಿ ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದ ಕಡೆ ಹೋದರೆ ಸಿಂಗಲ್ಸ್ ಕೋರ್ಟಿನ ನೂಕುನುಗ್ಗಲು ಬಿಟ್ಟು ಪಕ್ಕದ ಡಬಲ್ಸ್ ಕೋರ್ಟಿಗೆ ಬನ್ನಿ. ನೆಟ್‌ನ ನೇರಕ್ಕೆ ಕೂರಬೇಡಿ. ಸರ್ವ್ ಮಾಡುವವನ ಬೆನ್ನಹಿಂದೆ, ಬೇಸ್‌ಲೈನ್ ಕಡೆ ಜಾಗ ಹಿಡಿಯಿರಿ. ಚೆಂಡನ್ನು ಹಿಂಬಾಲಿಸಬೇಡಿ. ಮುಂದೆ ನಿಂತವನು ಬೆನ್ನಹಿಂದೆ ಬೆರಳಲ್ಲಿ ಏನು ಸನ್ನೆ ಮಾಡಿದ, ಸರ್ವ್ ಹೇಳಿದ ಜಾಗಕ್ಕೇ ಬಿತ್ತೇ, ಅವನು ಯಾವ ಕಡೆಗೆ ಹಾರಿದ, ಇಷ್ಟು ನೋಡಿ. ನಾಲ್ಕೈದು ಗೇಮ್ ಕಳೆಯುವಷ್ಟರಲ್ಲಿ ಯಾರು ಯಾರಿಗಾಗಿ ಆಡುತ್ತಿದ್ದಾರೆ ಎಂಬುದು ನಿಮಗೇ ಗೊತ್ತಾಗುತ್ತದೆ.