‘ರೆಕಗ್ನೈಸ್’ ಮತ್ತು ಸಿದ್ಧಿಕ್ರಿಯೆಯ ಹಣೆಪಟ್ಟಿ

ಜೆನೊ ವೆಂಡ್ಲರ್ ಅವರು 1957ರ ‘ವರ್ಬ್ಸ್ ಆ್ಯಂಡ್ ಟೈಮ್ಸ್’ ಲೇಖನದಲ್ಲಿ ಇಂಗ್ಲಿಷಿನ ‘ರೆಕಗ್ನೈಸ್’ ಕ್ರಿಯಾಪದವನ್ನು ಸಿದ್ಧಿಕ್ರಿಯೆಗಳ ಸಾಲಿನಲ್ಲಿರಿಸಿದರು. ಕಾಲದಲ್ಲಿ ಹರಡಿಕೊಳ್ಳದೆ ಒಂದು ಕ್ಷಣದಲ್ಲಿ ಘಟಿಸುವುದು ಈ ವರ್ಗದ ಲಕ್ಷಣ. ವರ್ಗೀಕರಣವನ್ನು ಬೋಧಿಸುವಾಗ ನಾವೂ ಈ ಹಣೆಪಟ್ಟಿಯನ್ನು ಪ್ರಶ್ನಿಸದೆ ಬಳಸಿದ್ದೇವೆ. ಅದು ಈ ಪದದ ಒಂದು ಅರ್ಥಕ್ಕಷ್ಟೇ ಪೂರ್ಣವಾಗಿ ಸಲ್ಲುತ್ತದೆ ಎಂಬುದು ಇಲ್ಲಿನ ನಮ್ಮ ವಾದ.

‘ಶೀ ರೆಕಗ್ನೈಸ್ಡ್ ಹರ್ ಟೀಚರ್’ ಎಂಬ ವಾಕ್ಯಕ್ಕೆ ‘ಡೆಲಿಬರೇಟ್ಲಿ’ ಎಂಬ ವಿಶೇಷಣ ಹೊಂದುವುದಿಲ್ಲ; ಆಜ್ಞಾರ್ಥವೂ ಅಸಹಜ. ಮುಖದ ಗುರುತು ಸಿಗುವುದು ಇಚ್ಛಾಧೀನವಲ್ಲ. ಆದರೆ 1971ರ ಡಿಸೆಂಬರ್ 6ರಂದು ಭಾರತವು ಬಾಂಗ್ಲಾದೇಶವನ್ನು ‘ರೆಕಗ್ನೈಸ್’ ಮಾಡಿತು ಎನ್ನುವಾಗ ಕರ್ತೃವಿನ ಇಚ್ಛೆಯೇ ಕ್ರಿಯೆಯ ತಿರುಳು. ಎರಡೂ ಕ್ಷಣಿಕವೆಂದು ಒಪ್ಪೋಣ. ಆದರೂ ಅಮೆರಿಕವು ಇಸ್ರೇಲಿಗೆ 1948ರ ಮೇ 14ರಂದು ವಾಸ್ತವ ನೆಲೆಯ ಮಾನ್ಯತೆಯನ್ನೂ 1949ರ ಜನವರಿ 31ರಂದು ಕಾನೂನುಬದ್ಧ ಮಾನ್ಯತೆಯನ್ನೂ ನೀಡಿತು. ಮುಖವನ್ನು ಹೀಗೆ ಎರಡು ಕಂತುಗಳಲ್ಲಿ ಗುರುತಿಸಲಾಗದು. ಮಾನ್ಯತೆಯನ್ನು ಹಿಂಪಡೆಯಲೂಬಹುದು, ಒಮ್ಮೆ ಸಿಕ್ಕ ಗುರುತನ್ನು ಮರೆಯಬಹುದೇ ಹೊರತು ಹಿಂಪಡೆಯಲಾಗದು. ‘ಹೀ ರೆಫ್ಯೂಸ್ಡ್ ಟು ರೆಕಗ್ನೈಸ್ ಮೀ’ ಎಂದೊಡನೆ, ಅವನಿಗೆ ಗುರುತು ಸಿಕ್ಕಿದ್ದರೂ ಸಿಗದವನಂತೆ ನಡೆದುಕೊಂಡ ಎಂಬ ಅರ್ಥ ಬರುವುದು ಈ ಕಾರಣಕ್ಕೇ.

ಇಂಗ್ಲಿಷಿನ ಕರ್ತೃರೂಪವು ಮರೆಮಾಡುವ ಈ ಭೇದವನ್ನು ಕನ್ನಡದ ವಿಭಕ್ತಿ ಬಯಲಿಗಿಡುತ್ತದೆ. ‘ನನಗೆ ಅವರ ಗುರುತು ಸಿಗಲಿಲ್ಲ’ ಎಂಬಲ್ಲಿ ಅನುಭವಿಯು ಚತುರ್ಥಿಯಲ್ಲಿದೆ. ‘ಭಾರತವು ಮಾನ್ಯತೆ ನೀಡಿತು’ ಎಂಬಲ್ಲಿ ಕರ್ತೃವು ಪ್ರಥಮೆಯಲ್ಲಿದೆ. ‘ಭಾರತಕ್ಕೆ ಬಾಂಗ್ಲಾದೇಶದ ಗುರುತು ಸಿಕ್ಕಿತು’ ಎಂದರೆ ನಗೆಪಾಟಲು. ಹಾಗೆಂದು ಕನ್ನಡದ ಗೆರೆಯೂ ಅಷ್ಟು ನೇರವಾಗಿಲ್ಲ. ‘ಗುರುತಿಸು’ ಪ್ರಥಮೆಯನ್ನೇ ಬೇಡುತ್ತದೆ: ಸಾಕ್ಷಿಯು ಆರೋಪಿಯನ್ನು ಗುರುತಿಸುತ್ತಾನೆ, ಪತ್ರಿಕೆಗಳಲ್ಲಿ ‘ಸೇವೆಯನ್ನು ಗುರುತಿಸಿ’ ಸನ್ಮಾನಗಳೂ ನಡೆಯುತ್ತವೆ. ಈ ಎರಡನೆಯ ಬಳಕೆಯ ಹಿಂದೆ ಇಂಗ್ಲಿಷಿನ ನೆರಳಿದೆಯೆಂಬುದು ನಮ್ಮ ಊಹೆ.

ವೆಂಡ್ಲರ್ ಅವರಿಗೆ ಅನ್ಯಾಯವಾಗಬಾರದು. ‘ಥಿಂಕ್’, ‘ಸೀ’ ಮುಂತಾದ ಪದಗಳು ಒಂದಕ್ಕಿಂತ ಹೆಚ್ಚು ವರ್ಗಗಳಿಗೆ ಸಲ್ಲುತ್ತವೆಂದು ಅವರೇ ತೋರಿಸಿದ್ದರು. ಆ ಎಚ್ಚರವನ್ನು ‘ರೆಕಗ್ನೈಸ್’ಗೂ ವಿಸ್ತರಿಸದಿರುವುದು ಅವರಿಗಿಂತ ಹೆಚ್ಚಾಗಿ ಪಟ್ಟಿಯನ್ನು ಮಾತ್ರ ಉಳಿಸಿಕೊಂಡ ನಮ್ಮ ಲೋಪ.

ದ್ವಿಭಾಷಿಕ ನಿಘಂಟುಗಳಲ್ಲಿ ‘ಗುರುತಿಸು, ಮಾನ್ಯಮಾಡು, ಮನಗಾಣು’ ಎಂದು ಅಲ್ಪವಿರಾಮಗಳ ನಡುವೆ ಸಮಾನಾರ್ಥಕಗಳನ್ನು ಪೇರಿಸಿದರೆ ಸಾಲದು. ಪ್ರತಿಯೊಂದು ಅರ್ಥದೊಂದಿಗೆ ಕರ್ತೃವಿನ ವಿಭಕ್ತಿಯನ್ನೂ ಇಚ್ಛಾಧೀನತೆಯನ್ನೂ ನಮೂದಿಸಬೇಕು. ಅಮೆರಿಕದ ಸೆನೆಟ್‌ನಲ್ಲಿ ಪೀಠವು ಸದಸ್ಯರೊಬ್ಬರನ್ನು ‘ರೆಕಗ್ನೈಸ್’ ಮಾಡುವಾಗ ಅವರು ಯಾರೆಂಬುದು ಎಲ್ಲರಿಗೂ ಮೊದಲೇ ಗೊತ್ತು. ಅಲ್ಲಿ ಕನ್ನಡಕ್ಕೆ ಬೇಕಾದದ್ದು ಈ ಮೂರರಲ್ಲಿ ಯಾವುದೂ ಅಲ್ಲ, ‘ಮಾತನಾಡಲು ಅವಕಾಶ ನೀಡು’ ಎಂಬುದು.